ಎರಡು ಮಿನುಗಿನ ನಡುವೆ

ಹಗಲೆಲ್ಲ ನನ್ನದು ಬೇರೆಯವರ ಅಂಕಿ.
ಟ್ಯಾಂಕ್ ಮೊಹಲ್ಲಾದಿಂದ ಸೀಗೆಹಟ್ಟಿ ತನಕ
ಗೇಟು ತಳ್ಳಿ, ನಾಯಿಗೊಂದು ಬಿಸ್ಕತ್ತು ಎಸೆದು,
ಮೀಟರಿನ ಗಾಜನ್ನು ಅಂಗಿತೋಳಲ್ಲಿ ಒರೆಸಿ
ಕಂಡದ್ದನ್ನು ಒತ್ತುತ್ತೇನೆ. ಸೊಂಟದ ಯಂತ್ರ
ಕಿರ್ರೆಂದು ನಾಲಗೆ ಚಾಚುತ್ತದೆ.

ನನ್ನನ್ನು ಕಂಡೊಡನೆ ಕೆಲವರು ಒಳಗೋಡಿ ಮೋಟಾರು ಆರಿಸುತ್ತಾರೆ,
ನಾನು ನೋಡುವಾಗಷ್ಟೇ ಓಡುತ್ತದೆ ಲೆಕ್ಕ ಅನ್ನುವ ಹಾಗೆ.
ಬೀಗ ಬಿದ್ದ ಮನೆಗೆ ಬರೆಯುವುದು ಡೋರ್ ಲಾಕ್,
ಹಿಂದಿನ ತಿಂಗಳುಗಳ ಸರಾಸರಿ.
ಒಳಗೆ ಫ್ಯಾನು ತಿರುಗುತ್ತಿತ್ತೋ, ಅದರ ಕೆಳಗೆ ಯಾರಾದರೂ ಇದ್ದರೋ
ಸರಾಸರಿಗೆ ಗೊತ್ತಾಗುವುದಿಲ್ಲ.

ರಾತ್ರಿ ನನ್ನದೇ ಒಂದು.
ಗೋಪಿ ಸರ್ಕಲ್ಲಿನ ಹತ್ತಿರ ಸೈಬರ್ ಮುಚ್ಚಿದ ದಿನ
ಲೋಬೋ ಮೂರು ಸಾವಿರಕ್ಕೆ ಕೊಟ್ಟ ಲ್ಯಾಪ್‌ಟಾಪು.
ಕೀಲು ಸಡಿಲ. 'ಲ' ಒತ್ತಿದರೆ ಎರಡೆರಡು ಬೀಳುತ್ತದೆ.
ಸುಮ್ಮನೆ ತೆರೆದಿಟ್ಟರೂ ತೊಡೆ ಸುಡುತ್ತಿತ್ತು,
ಬಲಗಡೆಯ ಫ್ಯಾನು ಪುಟ್ಟ ಅಕ್ಕಿ ಗಿರಣಿ.

ಅದರ ಗ್ರಾಫಿಕ್ಸಿಗೆ ಕಂಪನಿ ಕೊಟ್ಟಿದ್ದ ಡ್ರೈವರು
ಡೋರ್ ಲಾಕ್ ಮನೆ. ಎಷ್ಟು ತಿನ್ನುತ್ತೀಯೋ ಅಂದರೆ
ಬಾಯಿ ಬಿಡದು. ತೆಗೆದುಹಾಕಿದೆ.
ಬದಲಿಗೆ ತಂದದ್ದು ಯಾರು ಬೇಕಾದರೂ ಬಿಚ್ಚಿ ಓದಬಹುದಾದದ್ದು,
ಪಕ್ಕದ ಮನೆಯ ಒಗ್ಗರಣೆ ಮೂಸಿಯೇ ಸಾರು ಕಲಿತ ಹಾಗೆ
ಯಾರ್ಯಾರೋ, ಎಲ್ಲೆಲ್ಲೋ ಕೂತು ಬರೆದದ್ದು.
ನನಗೆ ತಿಳಿದದ್ದು ನೂರಕ್ಕೆ ಎರಡು ಸಾಲು.
ಅದರಲ್ಲೊಂದು, ಬರೆದವನ ಟಿಪ್ಪಣಿ:
'ಇದು ಯಾಕೆ ನಡೆಯುತ್ತದೋ ಗೊತ್ತಿಲ್ಲ. ಮುಟ್ಟಬೇಡಿ.'
ಹನ್ನೊಂದು ವರ್ಷದ ನೌಕರಿಯಲ್ಲಿ
ಇಷ್ಟು ನಿಜವನ್ನು ಯಾವ ಕಾಗದದಲ್ಲೂ ಓದಿರಲಿಲ್ಲ.

ಮೊದಲ ರಾತ್ರಿ ಬಿಸಿ ಹೆಚ್ಚೇ ಆಯಿತು, ಸುಳ್ಳು ಹೇಳಲಾರೆ.
ವಾರ ತಿಣುಕಿದ ಮೇಲೆ ಹೊಳೆಯಿತು:
ಒಳಗೆ ಚಿತ್ರ ಬರೆಯುವ ಚಿಪ್ಪು ಎರಡು.
ಒಂದು ದುಡಿಯುತ್ತದೆ. ಇನ್ನೊಂದು, ಆಟಗಳಿಗೆಂದು ಇಟ್ಟದ್ದು,
ಯಾರೂ ಕರೆಯದಿದ್ದರೂ ದೀಪ ಹಚ್ಚಿಕೊಂಡು ಕೂತಿದೆ.

ಎಷ್ಟು ಕುಡಿಯುತ್ತದೆ? ಪರದೆಯ ಅಂಕಿ ನಂಬಲಾರೆ,
ಅದನ್ನು ತೋರಿಸುವುದಕ್ಕೂ ಅದು ಉಣ್ಣಬೇಕು.
ಬ್ಯಾಟರಿ ಬಿಚ್ಚಿಟ್ಟೆ. ಫ್ರಿಜ್ಜು, ಮೊಬೈಲಿನ ಚಾರ್ಜರು,
ಪ್ರಫುಲ್ಲಳ ಹೊಲಿಗೆ ಮೋಟಾರು,
ಕೊನೆಗೆ ಅವಳನ್ನು ಕೇಳಿಯೇ, ದೇವರ ಮುಂದಿನ ಕೆಂಪು ಬಲ್ಬು
ಆರಿಸಿ, ಜಗಲಿಯಲ್ಲಿ ನಮ್ಮದೇ ಮೀಟರಿನೆದುರು ಕೂತೆವು.
ಯೂನಿಟ್ಟಿಗೆ ಮೂರು ಸಾವಿರದ ಇನ್ನೂರು ಸಲ
ಮಿನುಗುವ ಚುಕ್ಕಿ ಅದರದು. ಅದೊಂದರ ಗುಣ ನನಗೆ ಗೊತ್ತು.

ಮಿನುಗಿತು. ಅವಳು ವಾಚು ಹಿಡಿದು ಎಣಿಸಿದಳು.
ಐವತ್ತೊಂದಕ್ಕೆ ಮತ್ತೆ.
ಇನ್ನೊಮ್ಮೆ, ಐವತ್ತೊಂದು.
ಅಂದರೆ ಇಪ್ಪತ್ತೆರಡು ವಾಟು. ಬಿಲ್ಲಿನ ಸುರುಳಿಯ
ಉಳಿದ ತುಂಡಿನ ಮೇಲೆ ಕತ್ತಲಲ್ಲೇ ಗೀಚಿದೆ.

ಒಳಗೆ ಹೋಗಿ, ಒಂದೇ ಒಂದು ಸಾಲು ಒತ್ತಿ
ಆ ಎರಡನೆಯದನ್ನು ಮಲಗಿಸಿದೆ.
ಸ್ವಲ್ಪ ಹೊತ್ತಿಗೆ ಗಿರಣಿ ನಿಂತಿತು.
ಹಿತ್ತಿಲಾಚೆ ಯಾರೋ ಪಾತ್ರೆ ತೊಳೆಯುತ್ತಿರುವುದು
ಇಷ್ಟು ದಿನ ಕೇಳಿಸಿರಲೇ ಇಲ್ಲ.

"ಉಳಿದರೂ ಎಷ್ಟು ಉಳಿಯತ್ತೆ?" ಅಂದಳು.
"ತಿಂಗಳಿಗೆ ಒಂದು ಯೂನಿಟ್ಟು."
"ನಮ್ಮ ಬಿಲ್ಲು ಹೇಗೂ ಸೊನ್ನೆ. ಯಾರಿಗೆ ಉಳಿಸ್ತೀರಿ?"
ಮೊನ್ನೆ ಬೆಳಿಗ್ಗೆ ನಾನೇ ಹರಿದು ಅವಳ ಕೈಗಿತ್ತ ಸೊನ್ನೆ.
ಉತ್ತರ ಇರಲಿಲ್ಲ.
ಅಷ್ಟರಲ್ಲಿ ಮಿನುಗಿತು. "ಎಣಿಸು" ಅಂದೆ.

ಐವತ್ತು. ಐವತ್ತೊಂದು. ಬರಲಿಲ್ಲ.
ಅರವತ್ತಕ್ಕೆ ಅವಳ ದನಿ ತಗ್ಗಿತು.
ಎಪ್ಪತ್ತು. ಮುಟ್ಟಬಾರದ್ದೇನಾದರೂ ಮುಟ್ಟಿದೆನೋ ಅಂತ ನಾನು.
ಅವಳು ಉಸಿರು ಬಿಗಿಹಿಡಿದು,
ಆಗಷ್ಟೇ ಮೋಟಾರು ಆರಿಸಿ ಹೊರಗೆ ಬಂದು ನಿಂತವರ ಹಾಗೆ,
ಮೀಟರನ್ನೇ ನೋಡುತ್ತ,
ಎಪ್ಪತ್ತೆಂಟು,
ಎಪ್ಪತ್ತೊಂಬತ್ತು