ಇನ್ನೂ ಒಬ್ಬಳೇನೇ

ಗಾಜಿನ ನಳಿಗೆಯನ್ನು ಉರಿಗೆ ಹಿಡಿದು
ಎಳೆದಳು ಎಲ್ಸಿರಾ, ಕೂದಲೆಳೆಯಾಗುವ ತನಕ.
ತುದಿ ಮುರಿದಳು. ಟಿಕ್.

ಕೆಯೋನ್ ಬಂದರಿನ ಒಂದು ಚಮಚ ನೀರಲ್ಲಿ
ಸಾವಿರ ಜನ. ಬೇಕಾದವಳು ಒಬ್ಬಳೇ,
ಗಿರಗಿರ ತಿರುಗುತ್ತ ಲೆನ್ಸಿನಂಚಿಗೆ ಜಾರುವವಳು.
ಉಸಿರು ಬಿಗಿಹಿಡಿದು ಹೀರಿದಳು.

ಒಂದು ಹನಿಯಲ್ಲಿ ತೊಳೆದು ಇನ್ನೊಂದಕ್ಕೆ,
ಮತ್ತೊಂದಕ್ಕೆ.
ನಾಲ್ಕನೆಯದರಲ್ಲಿ ಕಾಣೆ.
'ಹಾಳಾದವಳೇ' ಎಂದು ಬೈದು
ಪುನಃ ಮೊದಲಿಂದ.

ಈಗ ಮಂದ ಬೆಳಕಿನ ಕಪಾಟಿನಲ್ಲಿ ಮೂರನೇ ದಿನ.
ಒಂದು ಎರಡಾಗಬೇಕು, ಎರಡು ನೂರು;
ವಿಷವೋ ಅಲ್ಲವೋ, ಒಂಟಿ ಜೀವದ ಸಾಕ್ಷಿ ಸಾಲದು.

ಹೆಸರು ಸಿಕ್ಕ ದಿನ
ಅಣ್ಣ ನಿಬಾಲ್ದೊನ ಕಪ್ಪೆಚಿಪ್ಪಿನ ತೆಪ್ಪಗಳಿಗೆ
ಬೀಗ, ಬಹುಶಃ ಈಸ್ಟರ್ ಕಳೆಯುವವರೆಗೂ.

ಗೊತ್ತಿದ್ದೂ
ಬೆಳಿಗ್ಗೆ ಒದ್ದೆ ಕೋಟು ಬಿಚ್ಚುವ ಮುನ್ನವೇ ಬಾಗಿ,
ದಿನ ತುಂಬಿದವಳನ್ನು ವಿಚಾರಿಸುವ ಹಾಗೆ
ಕೇಳುತ್ತಾಳೆ:
'ಏನಾಯ್ತೇ,
ಇನ್ನೂ ಒಬ್ಬಳೇನೇ?'