ಕೆಂಪು ಗುರುತಿನ ನಲ್ಲಿ

ಜುಲೈ. ಹೊರಗೆ ನಲವತ್ತೇಳು.
ಪಾರ್ಕಿನ ಜಾರುಬಂಡಿ ಮುಟ್ಟಿದರೆ ಬೊಬ್ಬೆ ಏಳುತ್ತದೆ,
ಹಾಗಾಗಿ ರುವಿಯ ಈ ನಾಲ್ಕನೇ ಮಹಡಿಯಲ್ಲಿ
ಚಾರ್ವಿಯ ಲೋಕವೆಂದರೆ ಸದ್ಯಕ್ಕೆ
ನಾವು ಬಂಗುಡೆ ತೊಳೆಯುವ ಅಗಲ ತಟ್ಟೆ.

ನಾನು ಕಾರ್ಗೋದಲ್ಲಿ ರಾತ್ರಿಪಾಳಿ ಮುಗಿಸಿ ಬಂದವನು,
ಸುಗಂಧಿ ಕ್ಲಿನಿಕ್ಕಿಗೆ ಹೊರಟವಳು.
ಬಾಗಿಲಲ್ಲೇ ಮಗು ಕೈ ಬದಲಾಯಿತು.
ಹದಿನಾಲ್ಕು ತಿಂಗಳು. ನಿದ್ದೆಯ ಗೊಡವೆ ಇಲ್ಲ.

ತಟ್ಟೆಗೆ ಕುಚ್ಚಲಕ್ಕಿ ಸುರಿದು ಪಕ್ಕದಲ್ಲೇ ಕೂತೆ.
ಮೊದಲು ಒಂದೇ ಬೆರಳು,
ವೀಸಾ ಕೌಂಟರಿನವನು ಪಾಸ್‌ಪೋರ್ಟ್ ಮುಟ್ಟುವ ಹಾಗೆ, ಅನುಮಾನದಲ್ಲಿ.
ಆಮೇಲೆ ಅಂಗೈ.
ಆಮೇಲೆ ಮೊಣಕೈವರೆಗೆ ಇಳಿದೇ ಬಿಟ್ಟಳು.
ಮುಷ್ಟಿ ಬಿಗಿದಷ್ಟೂ ಕಾಳು ಸೋರುತ್ತದೆ;
ಇದು ತಿಳಿಯಲು ನನಗೆ ಒಂಬತ್ತು ವರ್ಷ ಹಿಡಿಯಿತು ಈ ಊರಲ್ಲಿ.
ಅವಳು ಸೋರಿದ್ದಕ್ಕೇ ನಕ್ಕಳು.
ಬಾಯಿಗೆ ಹೊರಟ ನಾಲ್ಕು ಕಾಳನ್ನು ತುಟಿಯಲ್ಲೇ ತಡೆದೆ,
ಅದಕ್ಕೊಂದು ರಂಪ.

ಅಕ್ಕಿ ಸಾಕು. ರಾಗಿ ಕಲಸಿ ಕೊಟ್ಟೆ, ತೆಳ್ಳಗೆ.
ಅದು ಕೆನ್ನೆಗೆ ಬಂತು, ಗೋಡೆಗೆ ಬಂತು,
ಬಾಡಿಗೆ ಕರಾರಿನಲ್ಲಿ ಬಿಳಿ ಎಂದು ಬರೆದ ಗೋಡೆಗೆ.

ಕೊನೆಗೆ ನನ್ನ ಕೈ ಸಿಕ್ಕಿತು ಅವಳಿಗೆ.
ರಾತ್ರಿಯೆಲ್ಲ ಕೈಗವಸಿನೊಳಗಿದ್ದ ಕೈ:
ನೈರೋಬಿಯ ಹೂವಿನ ಪೆಟ್ಟಿಗೆ ಎತ್ತಿತ್ತು, ಹೂವು ಮುಟ್ಟಿರಲಿಲ್ಲ.
ಹೆಬ್ಬೆರಳ ಬುಡದ ಜಡ್ಡಿನ ಮೇಲೆ
ರಾಗಿ ಬೆರಳು ಸುತ್ತಿತು, ನಿಂತಿತು, ಕೆರೆಯಿತು.
ಕಿತ್ತು ಬರುತ್ತದೇನೋ ಎಂದು ನೋಡಿದಳು.
ಬರಲಿಲ್ಲ. ಬಿಟ್ಟಳು.

ತೊಳೆಯಲು ಎತ್ತಿಕೊಂಡೆ.
ಬೇಸಿಗೆಯಲ್ಲಿ ಇಲ್ಲಿ ನಲ್ಲಿಗಳ ಜಾತಕ ತಿರುವುಮುರುವು:
ತಾರಸಿಯ ಟ್ಯಾಂಕು ಕಾದು ನೀಲಿ ಗುರುತಿನದು ಸುಡುತ್ತದೆ,
ಆರಿಸಿಟ್ಟ ಗೀಜರಿನಲ್ಲಿ ರಾತ್ರಿಯಿಡೀ ತಣಿದ ನೀರು
ಕೆಂಪಿನದರಲ್ಲಿ ಬರುತ್ತದೆ.
ಚಾರ್ವಿ ತಾನಾಗಿ ಕೆಂಪಿಗೇ ಕೈ ಚಾಚಿದಳು.
ಧಾರೆಯನ್ನು ಹಿಡಿದಳು, ಕತ್ತರಿಸಿದಳು, ಹೊಡೆದಳು.
ಕೆಂಪು ಅಂದರೆ ತಂಪು, ಅವಳ ಅಂಗೈಯ ಲೆಕ್ಕದಲ್ಲಿ.
ನವೆಂಬರ್ ಬಂದರೆ ತಿದ್ದಬೇಕು.
ನವೆಂಬರ್ ದೂರವಿದೆ, ಬಿಡಿ.

ರಾತ್ರಿ, ಹನ್ನೆರಡರ ವಿಮಾನಕ್ಕೆ ಕಾಯುವಾಗ
ಎಡಗಾಲ ಬೂಟಿನೊಳಗೆ ಏನೋ ಚುಚ್ಚಿತು.
ಕುಚ್ಚಲಕ್ಕಿ, ಒಂದೇ ಕಾಳು.
ಕೈಗವಸು ಬಿಚ್ಚಿ ಬೆರಳ ತುದಿಯಲ್ಲಿ ಹೊರಳಿಸಿದೆ.
ನಡುವಿನ ಗೀರು ಸಿಕ್ಕಿತು. ಒಂದು ತುದಿಯ ಚೂಪು ಸಿಕ್ಕಿತು.
ಹಿಂದಿನಿಂದ ಫೋರ್ಕ್‌ಲಿಫ್ಟ್ ಹಾರ್ನ್ ಹೊಡೆಯುತ್ತಲೇ ಇತ್ತು,
ದಾರಿ ಬಿಡು ಎಂದು.