ಬಾಯಿ ತುಂಬ

ಮೂರೂವರೆಗೆ ಮಲ್ಪೆಯ ಲಾರಿ.
ಐಸು ಕರಗಿ ಹೊನ್ನಾಳಿ ರಸ್ತೆಯುದ್ದಕ್ಕೂ
ಉಪ್ಪುನೀರಿನ ಒಂದು ಗೆರೆ.
ದಾವಣಗೆರೆಗೆ ಕಡಲು ಬರುವುದು ಇಷ್ಟೇ.
ಅಷ್ಟು ಹೊತ್ತಿಗೆ ಭಟ್ಟಿಗಳು ಎದ್ದಿರುತ್ತವೆ,
ಮಂಡಕ್ಕಿ ಹುರಿವ ಹೊಗೆ ಬಂದು
ಮೀನಿನ ವಾಸನೆಗೆ ಹೆಗಲು ಕೊಡುತ್ತದೆ.

ನಾನು ಹೊಳೆ ಕಂಡವನು, ಕಡಲು ಕಂಡವನಲ್ಲ.
ಕತ್ತಿಗೆ ಸಿಕ್ಕಿದ್ದಷ್ಟೇ ನನ್ನ ಓದು.
ನಂಗಿಗೆ ಎರಡೂ ಕಣ್ಣು ಒಂದೇ ಮಗ್ಗುಲಲ್ಲಿ,
ಇನ್ನೊಂದು ಮಗ್ಗುಲು ಬಿಸಿಲು ಕಾಣದ ಅಂಗಾಲಿನಷ್ಟು ಬಿಳಿ.
ಬೊಂಡಾಸಿನೊಳಗೆ ಮೂರು ಹೃದಯ,
ಮೂರನ್ನೂ ಮೋರಿಗೆ ತೊಳೆಯುತ್ತೇನೆ.

ಶೇಡೆಯದು ಬೇರೆ ಕತೆ.
ಮೀಸೆ ಇದೆ, ಬೆನ್ನಲ್ಲಿ ಮುಳ್ಳಿದೆ,
ಚುಚ್ಚಿದರೆ ಎರಡು ದಿನ ಕೈ ಬನ್ನಿನಂತೆ ಊದುತ್ತದೆ.
ದಸರೆಗೆ ಮುಂಚೆ ಬರುವ ಕೆಲವದರ ಬಾಯಿ ಬಿಡಿಸಿದರೆ
ಒಳಗೆ ಗೋಲಿ.
ಹಳದಿ ಗೋಲಿ, ಮೂವತ್ತು, ನಲವತ್ತು, ಜಾರುತ್ತ.
ಯಾರದೋ ಮೊಟ್ಟೆ ಕದ್ದು ನುಂಗುವಾಗ
ಬಲೆಗೆ ಬಿದ್ದ ಕಳ್ಳ ನನ್ಮಗ ಅಂದುಕೊಂಡು
ಹದಿನೇಳು ವರ್ಷ ಬೆಕ್ಕಿಗೆ ಹಾಕಿದ್ದೇನೆ.

ಕಾಲೇಜಿನ ರುಬೀನಾ, ಪ್ರಾಕ್ಟಿಕಲ್ಲಿಗೆ ಏಡಿ ಕೇಳಲು ಬಂದವಳು,
ನಕ್ಕಳು: ಹಾಲೇಶಣ್ಣ, ಅದು ಕಳ್ಳ ಅಲ್ಲ, ಅಪ್ಪ.
ತಾಯಿ ಮೊಟ್ಟೆ ಇಟ್ಟು ಹೋಗ್ತಾಳೆ,
ಇವನು ಬಾಯಲ್ಲಿ ಹಿಡ್ಕೊಂಡು ತಿರುಗ್ತಾನೆ
ಮರಿಯಾಗಿ ಈಜೋವರೆಗೂ,
ಹೆಚ್ಚುಕಮ್ಮಿ ಎರಡು ತಿಂಗಳು.
ತುತ್ತು ನುಂಗಿದ್ರೆ ಮಕ್ಕಳೂ ಹೋಗ್ತಾವಲ್ಲ,
ಅದಕ್ಕೇ ಊಟ ಇಲ್ಲ.

ನಂಬಲಿಲ್ಲ. ಹೊಟ್ಟೆ ಸೀಳಿದೆ.
ಹಿಂಡಿ ಒಣಹಾಕಿದ ಬಟ್ಟೆಯ ಹಾಗೆ ಕರುಳು,
ಒಂದು ಸಿಗಡಿಯ ಸಿಪ್ಪೆಯೂ ಇಲ್ಲ.
ಬಾಯಲ್ಲಿ ಬೆರಳಿಟ್ಟೆ,
ನನ್ನ ಬಾಯಲ್ಲಲ್ಲ, ಮೀನಿನ ಬಾಯಲ್ಲಿ.
ಗಲ್ಲದ ಮೂಲೆಗೆ ಇನ್ನೂ ಒಂದು ಗೋಲಿ ಅಂಟಿಕೊಂಡಿತ್ತು,
ಅದರೊಳಗೆ ಎರಡು ಕಪ್ಪು ಚುಕ್ಕೆ.
ಕಣ್ಣು.

ನಮ್ಮಪ್ಪನನ್ನು ಮಿಲ್ಲಿನವರು ತೆಗೆದ ವರ್ಷ
ನಾನು ನಾಲ್ಕನೇ ಕ್ಲಾಸು.
ನಮಗೆ ಗೊತ್ತಾದದ್ದು ದೀಪಾವಳಿ ಕಳೆದ ಮೇಲೆ.
ಅಲ್ಲಿವರೆಗೂ ದಿನಾ ಮೊದಲ ಪಾಳಿಯ ಕೂಗಿಗೆ ಎದ್ದು
ಡಬ್ಬಿ ಹಿಡಿದು ಹೊರಡುತ್ತಿದ್ದ.
ಸಂಜೆ ಅದೇ ಡಬ್ಬಿಯನ್ನು ನಮ್ಮ ಮುಂದೆ ಬಿಚ್ಚಿ,
ಮುಟ್ಟದ ರೊಟ್ಟಿ, ಒಣಗಿದ ಪಲ್ಯ,
ಕ್ಯಾಂಟೀನಲ್ಲಿ ತಿಂದೆ ಅನ್ನುವಷ್ಟೂ ಬಾಯಿ ಬಿಡದೆ
ಕೈಸನ್ನೆ ಮಾಡುತ್ತಿದ್ದ, ತಿನ್ನಿ ಅಂತ.
ಮೂಕ ಬಡಿದಿದೆ ಎಂದು ಅವ್ವ
ದುಗ್ಗಮ್ಮನಿಗೊಂದು, ದರ್ಗಾಕ್ಕೊಂದು ಹರಕೆ ಹೊತ್ತಳು.
ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರೆ.
ಎಂಥ ಬಣ್ಣವೋ.
ನಾವು ನಾಲ್ವರು ಮಕ್ಕಳು,
ಮಾತು ತುಳುಕದಂತೆ ಒಳಗೆಲ್ಲೋ ಇದ್ದೆವು.

ಶೇಡೆ ಹೆಂಗೆ ಕೆಜಿ? ಗಿರಾಕಿ ಕೇಳಿದ.
ಬೆರಳೆತ್ತಿ ತೋರಿಸಿದೆ.
ಬೆಕ್ಕು ಕಟ್ಟೆಯ ಕೆಳಗೆ ಕಾಯುತ್ತಿತ್ತು.
ಅವತ್ತು ಅದಕ್ಕೆ ಬಂಗುಡೆಯ ತಲೆ.